ನೌಕರಿಯ ಮೊದಲ ಮೆಟ್ಟಿಲು

ರೋಣ ತಾಲ್ಲೂಕಿನ ನಮ್ಮ ಯಾವಗಲ್ ಕಡೆ ಜೋಗತಿಯರನ್ನು ಕಾಣದ ಮಕ್ಕಳು ಅಪರೂಪ. ತಲೆಯ ಮೇಲೆ ಯಲ್ಲಮ್ಮನ ಜಗ, ಕೈಯಲ್ಲಿ ಚೌಡಿಕೆ, ಹಣೆತುಂಬ ಭಂಡಾರ. ಅಂಗಳಕ್ಕೆ ಬಂದರೆ ಅಜ್ಜಿಯರು ಮೊರದಲ್ಲಿ ಜೋಳ ತಂದು ನೀಡಿ ಕೈಮುಗಿಯುತ್ತಾರೆ. ಒಮ್ಮೆ ನನ್ನ ಮೊಮ್ಮಗಳು ಕೇಳಿದಳು: “ಅಜ್ಜಾ, ಈ ಅಕ್ಕ ಬ್ಯಾರೆ ಕೆಲಸ ಯಾಕ ಮಾಡಂಗಿಲ್ಲ?”

ಜೋಗತಿಯರಲ್ಲಿ ಕೆಲವರು ಹುಟ್ಟಿದಾಗ ಗಂಡುಮಗು ಎನಿಸಿಕೊಂಡು, ಬೆಳೆಯುತ್ತ ತಾವು ಹೆಣ್ಣೆಂದು ಅರಿತವರು. ಇಂಥವರನ್ನು ಲಿಂಗತ್ವ ಅಲ್ಪಸಂಖ್ಯಾತರು ಎನ್ನುತ್ತೇವೆ. ಜೋಳ ನೀಡುವ ಮನೆಯವರು ಅವರನ್ನು ಹೆಸರು ಬಿಡಿಸಲು ಕೂಲಿಗೆ ಕರೆಯುವುದು ಕಡಿಮೆ. ಅಂಗಡಿಯಲ್ಲಿ, ಕಚೇರಿಯಲ್ಲಿ ಕೆಲಸ ಸಿಗುವುದು ಇನ್ನೂ ಕಡಿಮೆ.

ಮಂಜಮ್ಮ ಜೋಗತಿಯವರ ಬಾಳನ್ನೇ ನೋಡಿ. ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥ ಎಂಬ ಹೆಸರಿನಿಂದ ಬೆಳೆದ ಅವರು ಎಸ್ಸೆಸ್ಸೆಲ್ಸಿವರೆಗೆ ಓದಿದ್ದರು. ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿದ ಮೇಲೆ ಮನೆ ದೂರವಾಯಿತು. ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು. ಕೊನೆಗೆ ಕಾಳವ್ವ ಜೋಗತಿಯವರ ತಂಡ ಸೇರಿದಾಗ ಜೋಗತಿ ನೃತ್ಯ ಅನ್ನ ಕೊಟ್ಟಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು; 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದರು. ಆದರೆ ಕುಣಿಯಲು ಬಾರದವರ ಗತಿ? ಅವರಿಗೂ ದುಡಿಯುವ ದಾರಿ ಬೇಕಲ್ಲ?

2014ರಲ್ಲಿ ಸುಪ್ರೀಂ ಕೋರ್ಟ್ ಇವರ ಗುರುತನ್ನು ಒಪ್ಪಿ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ಕೊಡಬೇಕೆಂದು ಹೇಳಿತು. 2021ರಲ್ಲಿ ಕರ್ನಾಟಕ ಸರ್ಕಾರ ನೇರ ನೇಮಕಾತಿಯ ಹುದ್ದೆಗಳಲ್ಲಿ ಶೇ 1ರಷ್ಟನ್ನು ಇವರಿಗೆ ಮೀಸಲಿಟ್ಟಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ಅರ್ಜಿಯಲ್ಲಿ ‘ಪುರುಷ’, ‘ಮಹಿಳೆ’ ಜತೆಗೆ ‘ಇತರೆ’ ಎಂಬ ಕಾಲಂ ಇರಬೇಕೆಂದು ನಿಯಮವಾಯಿತು. ಅರ್ಹರು ಸಿಗದಿದ್ದರೆ ಮಾತ್ರ ಆ ಹುದ್ದೆ ಅದೇ ವರ್ಗದ ಪುರುಷರಿಗೋ ಮಹಿಳೆಯರಿಗೋ ಹೋಗುತ್ತದೆ.

ಅರ್ಹತೆ ಎಂದರೆ ಓದು, ಅಂಕಪಟ್ಟಿ. ಗೇಲಿ ತಾಳಲಾರದೆ ಎಂಟನೆಯ ತರಗತಿಗೇ ಶಾಲೆ ಬಿಟ್ಟ ಮಗು, ಮನೆಯಿಂದ ಹೊರಬಿದ್ದ ಮಗು ಆ ಅರ್ಜಿಯವರೆಗೆ ಬರುವುದು ಹೇಗೆ? ಹೀಗಾಗಿ ನೌಕರಿಯ ಮೊದಲ ಮೆಟ್ಟಿಲು ನಮ್ಮ ಮನೆಯಲ್ಲೇ, ನಿಮ್ಮ ತರಗತಿಯಲ್ಲೇ ಇದೆ.

ಮಕ್ಕಳೇ, ನಡಿಗೆ, ಮಾತು ಬೇರೆಯೆಂದು ಸಹಪಾಠಿಯನ್ನು ಯಾರಾದರೂ ಆಡಿಕೊಂಡರೆ ನೀವು ಹೋಗಿ ಅವರ ಪಕ್ಕ ಕುಳಿತುಕೊಳ್ಳಿ. ಮೇಷ್ಟ್ರಿಗೂ ತಿಳಿಸಿ. ಅಜ್ಜ, ಅಜ್ಜಿಯರೇ, ಇಂಥ ಮಗು ಮನೆಯಲ್ಲಿದ್ದರೆ ಗಾಬರಿಯಾದ ತಂದೆ-ತಾಯಿಗೆ ತಿಳಿಹೇಳುವ ಹಿರಿಯರು ನಾವೇ. ಅದರ ತಾಟು, ಹಾಸಿಗೆ, ಪುಸ್ತಕ ಮನೆಯಲ್ಲೇ ಇರಲಿ. ಓದು ಮುಗಿಸಿ ತನ್ನ ಹೆಸರಿನಲ್ಲಿ ಅರ್ಜಿ ತುಂಬುವವರೆಗೆ ನಾವು ಜತೆಗಿರೋಣ.