ಇವತ್ತು ನನ್ನ ಮೇಜು ಯಾವುದು?

ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ದೈತ್ಯ ಬೈನಾಕ್ಯುಲರ್ ಆಕಾರದ ಹೆಬ್ಬಾಗಿಲಿರುವ ಒಂದು ಕಟ್ಟಡವಿದೆ. ಚಯಟ್/ಡೇ ಎಂಬ ಜಾಹೀರಾತು ಕಂಪನಿಗಾಗಿ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ವಿನ್ಯಾಸ ಮಾಡಿದ್ದು. 1994ರ ಹೊತ್ತಿಗೆ ಕಂಪನಿಯ ಯಜಮಾನ ಜೇ ಚಯಟ್‌ಗೆ ಹೊಸ ಹುರುಪು ಬಂತು. ಯಾರಿಗೂ ಸ್ವಂತ ಮೇಜು ಬೇಡ, ಕ್ಯಾಬಿನ್ ಬೇಡ. ಬೆಳಿಗ್ಗೆ ಬಂದವರು ಕೌಂಟರ್‌ನಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಫೋನು ಇಸಿದುಕೊಂಡು ಎಲ್ಲಾದರೂ ಕೂತು ಕೆಲಸ ಮಾಡಲಿ ಎಂದ. ಸ್ವಂತ ಸಾಮಾನಿಗೆ ಒಂದು ಲಾಕರ್ ಮಾತ್ರ.

ಯಂತ್ರಗಳು ಜನರಿಗಿಂತ ಕಡಿಮೆ ಇದ್ದವು. ಕೌಂಟರ್ ಮುಂದೆ ಸಾಲು ಬೆಳೆಯಿತು. ಹತ್ತಿರದಲ್ಲಿ ಮನೆಯಿದ್ದ ಕೆಲವರು ನಸುಕಿನಲ್ಲೇ ಬಂದು ಲ್ಯಾಪ್‌ಟಾಪ್ ಪಡೆದು, ಎಲ್ಲೋ ಬಚ್ಚಿಟ್ಟು, ಮನೆಗೆ ಹೋಗಿ ಮತ್ತೆ ಮಲಗುತ್ತಿದ್ದರು. ಕಡತಗಳು ಕಾರಿನ ಡಿಕ್ಕಿ ಸೇರಿದವು. ಒಬ್ಬಾಕೆ ಮಕ್ಕಳ ಕೆಂಪು ಆಟದ ಬಂಡಿಯಲ್ಲಿ ತನ್ನ ಕಾಗದಪತ್ರ ಎಳೆದುಕೊಂಡು ಓಡಾಡುತ್ತಿದ್ದಳು. 1998ರಲ್ಲಿ ಕಂಪನಿ ಬೇರೆ ಕಟ್ಟಡಕ್ಕೆ ಹೋದಾಗ ಪ್ರತಿಯೊಬ್ಬರಿಗೂ ಜಾಗ ಗೊತ್ತುಮಾಡಿ ಕೊಟ್ಟರು.

ಆಗ ಮೊಬೈಲ್ ಆಪ್ ಇರಲಿಲ್ಲ, ಈಗ ಇದೆ. ಕೋವಿಡ್ ನಂತರ ವಾರದಲ್ಲಿ ಎರಡು ಮೂರು ದಿನ ಆಫೀಸು, ಉಳಿದ ದಿನ ಮನೆ ಎಂಬ ಹೈಬ್ರಿಡ್ ಪದ್ಧತಿ ನೆಲೆಯೂರಿದ ಮೇಲೆ ಡೆಸ್ಕ್ ಬುಕಿಂಗ್ ತಂತ್ರಾಂಶಗಳಿಗೆ ಭರ್ಜರಿ ಮಾರುಕಟ್ಟೆ ಸಿಕ್ಕಿದೆ. ಮೈಕ್ರೋಸಾಫ್ಟ್‌ನ ಪ್ಲೇಸಸ್, ಅಮೆರಿಕದ ರಾಬಿನ್, ಎನ್ವಾಯ್, ಬೆಂಗಳೂರಿನದೇ ಆದ ವರ್ಕ್‌ಇನ್‌ಸಿಂಕ್ ಎಲ್ಲದರ ಮೂಲ ಚಿತ್ರ ಒಂದೇ. ಫೋನಿನಲ್ಲಿ ಮಹಡಿಯ ನಕ್ಷೆ ತೆರೆಯುತ್ತದೆ, ಖಾಲಿ ಸೀಟು ಹಸಿರು, ತುಂಬಿದ್ದು ಕೆಂಪು, ಮುಟ್ಟಿದರೆ ಬುಕ್. ಇಷ್ಟು ನೋಡಿದ ಆಡಳಿತ ಮಂಡಳಿಗೆ ಆಪ್ ಕೊಂಡರೆ ಮುಗಿಯಿತು ಅನ್ನಿಸುವುದು ಸಹಜ. ಆದರೆ ಚಯಟ್/ಡೇಯಲ್ಲಿ ಕೊರತೆ ಬಿದ್ದದ್ದು ತಂತ್ರಜ್ಞಾನದಲ್ಲಲ್ಲ, ಲೆಕ್ಕದಲ್ಲಿ. ಸೀಟು ಇಲ್ಲ ಎಂಬುದನ್ನು ಆಪ್ ಚೆಂದದ ಬಣ್ಣದಲ್ಲಿ ತೋರಿಸಬಲ್ಲದು. ಇಲ್ಲದ ಸೀಟನ್ನು ಹುಟ್ಟಿಸಲಾರದು.

ಬ್ರಿಟನ್ನಿನ ಶಿಕ್ಷಣ ಇಲಾಖೆಯಲ್ಲಿ 2022ರಲ್ಲಿ ನಡೆದದ್ದೂ ಅದೇ. ಸರ್ಕಾರಿ ನೌಕರರು ಮನೆ ಬಿಟ್ಟು ಕಚೇರಿಗೆ ಬರಬೇಕೆಂದು ಮಂತ್ರಿಗಳು ಪಟ್ಟು ಹಿಡಿದಿದ್ದ ಕಾಲವದು. ಜೇಕಬ್ ರೀಸ್-ಮಾಗ್ ಎಂಬ ಮಂತ್ರಿ ಖಾಲಿ ಮೇಜುಗಳ ಮೇಲೆ ವ್ಯಂಗ್ಯದ ಚೀಟಿಗಳನ್ನೇ ಇಟ್ಟು ಬಂದಿದ್ದರು. ಶಿಕ್ಷಣ ಇಲಾಖೆಯ ನೌಕರರು ಮಾತು ಕೇಳಿ ಬಂದೇ ಬಿಟ್ಟರು. ಸುಮಾರು 8,000 ಜನರಿಗೆ ಇದ್ದದ್ದು ಸುಮಾರು 4,200 ಮೇಜು. ಮೇಜು ಸಿಗದವರು ಕಾರಿಡಾರಿನಲ್ಲಿ, ಕ್ಯಾಂಟೀನಿನಲ್ಲಿ ಕೂತು ಕೆಲಸ ಮಾಡಬೇಕಾಯಿತು.

ಲೆಕ್ಕ ತಪ್ಪುವುದು ಹೆಚ್ಚಾಗಿ ಸರಾಸರಿಯಿಂದ. ನೂರು ಜನರ ಕಚೇರಿ, ಎಲ್ಲರೂ ವಾರಕ್ಕೆ ಮೂರು ದಿನ ಬರಬೇಕು ಅನ್ನಿ. ವಾರಕ್ಕೆ 300 ಹಾಜರಿ, ಐದು ದಿನಕ್ಕೆ ಹಂಚಿದರೆ ದಿನಕ್ಕೆ 60. ಹಾಗಾಗಿ 60 ಸೀಟು ಸಾಕು ಎಂದು ಉಳಿದ ಜಾಗದ ಬಾಡಿಗೆ ಉಳಿಸುವ ಆಸೆ ಹುಟ್ಟುತ್ತದೆ. ಆದರೆ ಸೋಮವಾರ, ಶುಕ್ರವಾರ ಯಾರಿಗೂ ಬೇಡ. ಆ ಎರಡು ದಿನ ನಲವತ್ತು ನಲವತ್ತು ಜನ ಬಂದು, ಮಂಗಳವಾರ, ಗುರುವಾರ ಎಪ್ಪತ್ತು ಜನ ಬಂದರೆ ಬುಧವಾರಕ್ಕೆ ಉಳಿಯುವುದು 80. ಮೊತ್ತ ಅದೇ 300, ಬುಧವಾರ ಇಪ್ಪತ್ತು ಜನ ನಿಂತಿರುತ್ತಾರೆ. ಬೆಂಗಳೂರಿನವರಿಗೆ ಈ ಬುಧವಾರದ ಪರಿಚಯ ಚೆನ್ನಾಗಿಯೇ ಇದೆ. ಹೊರ ವರ್ತುಲ ರಸ್ತೆಯಲ್ಲಿ ಆ ದಿನ ದಟ್ಟಣೆ ಹೆಚ್ಚೆಂದು ಗುರುತಿಸಿದ ಸಂಚಾರ ಪೊಲೀಸರು, ಬುಧವಾರವಾದರೂ ಮನೆಯಿಂದ ಕೆಲಸ ಮಾಡಿಸಿ ಎಂದು ಐಟಿ ಕಂಪನಿಗಳಿಗೆ ಸಲಹೆ ಕೊಟ್ಟದ್ದುಂಟು.

ಆದ್ದರಿಂದ ಕಚೇರಿಗೆ ಡೆಸ್ಕ್ ಬುಕಿಂಗ್ ತರುವ ಯೋಜನೆಯ ಮೊದಲ ಕೆಲಸ ಆಪ್‌ಗಳ ಡೆಮೊ ನೋಡುವುದಲ್ಲ. ಕೆಲವು ತಿಂಗಳ ಹಾಜರಿಯನ್ನು ದಿನವಾರು, ತಂಡವಾರು ತೆಗೆದು, ಅತಿ ಹೆಚ್ಚು ಜನ ಬಂದ ದಿನಗಳನ್ನು ನೋಡುವುದು. ಗೇಟಿನ ಸ್ವೈಪ್ ಮಾಹಿತಿ ಹೆಚ್ಚಿನ ಕಂಪನಿಗಳಲ್ಲಿ ಸಿಗುತ್ತದೆ, ಅದನ್ನು ಪೂರ್ತಿ ನಂಬುವ ಹಾಗಿಲ್ಲ. ಕಾರ್ಡು ತೋರಿಸಿ, ಕಾಫಿ ಕುಡಿದು, ಮಧ್ಯಾಹ್ನಕ್ಕೆ ಜಾಗ ಖಾಲಿ ಮಾಡುವವರಿಗೆ 'ಕಾಫಿ ಬ್ಯಾಜಿಂಗ್' ಎಂಬ ಹೆಸರೇ ಹುಟ್ಟಿಕೊಂಡಿದೆ. ಪಾಳಿಯಲ್ಲಿ ಕೆಲಸ ನಡೆಯುವ ಕಡೆ ದಿನದ ಲೆಕ್ಕವೂ ಸಾಲದು. ಬೆಳಿಗ್ಗೆ ಒಂಬತ್ತಕ್ಕೆ ಬಂದವರು ಏಳುವುದು ಸಂಜೆ ಆರಕ್ಕೆ, ಎರಡನೇ ಪಾಳಿಯವರು ಬರುವುದು ಮಧ್ಯಾಹ್ನ ಎರಡಕ್ಕೆ. ನಡುವಿನ ನಾಲ್ಕು ಗಂಟೆ ಇಬ್ಬರಿಗೂ ಸೀಟು ಬೇಕು. ಇಂಥ ಕಚೇರಿಗೆ ದಿನಕ್ಕೊಂದು ಬುಕಿಂಗ್ ಮಾತ್ರ ಬಲ್ಲ ಆಪ್ ಪ್ರಯೋಜನಕ್ಕಿಲ್ಲ.

ನಂತರ ಏಳುವುದು ತಂಡಗಳ ಜಗಳ. ಪ್ರತಿ ಮ್ಯಾನೇಜರಿಗೂ ತನ್ನ ಹತ್ತು ಜನ ಒಂದೇ ಸಾಲಿನಲ್ಲಿ ಕೂರಬೇಕು, ಆ ಸಾಲು ಬೇರೆಯವರಿಗೆ ಸಿಗಬಾರದು. ಬೇಡಿಕೆ ನ್ಯಾಯವಾದದ್ದೇ, ಬೆಲೆ ಮಾತ್ರ ದುಬಾರಿ. ಯಾವ ದಿನ ನೋಡಿದರೂ ಒಬ್ಬ ನೌಕರ ಬರುವ ಸಾಧ್ಯತೆ ನೂರಕ್ಕೆ 60 ಎಂದುಕೊಂಡರೆ, ಹತ್ತು ಜನರ ತಂಡಕ್ಕೆ ಆರು ಸೀಟು ಸಾಲುವುದಿಲ್ಲ. ಎಂಟಾದರೂ ಕೊಡಬೇಕು, ಆಗಲೂ ಇಪ್ಪತ್ತು ದಿನಕ್ಕೊಮ್ಮೆ ಒಬ್ಬರಿಗೋ ಇಬ್ಬರಿಗೋ ಸೀಟು ತಪ್ಪುತ್ತದೆ. ಇಂಥ ನಲವತ್ತು ತಂಡಕ್ಕೆ 320 ಸೀಟು. ಅದೇ 400 ಜನರನ್ನು ಒಂದೇ ಗುಂಪೆಂದು ಎಣಿಸಿದರೆ ಒಬ್ಬರ ಗೈರು ಇನ್ನೊಬ್ಬರ ಹಾಜರಿಗೆ ಸರಿದೂಗಿ 260ರಲ್ಲೇ ಕೆಲಸ ಸಾಗುತ್ತದೆ. ಎಲ್ಲರೂ ಬುಧವಾರವೇ ಹೊರಟು ಬಂದರೆ ಈ ಉಳಿತಾಯವೂ ಕರಗುತ್ತದೆ, ಆ ಮಾತು ಬೇರೆ. ನಾಲ್ಕೈದು ತಂಡಗಳಿಗೆ ಸೇರಿಸಿ ಒಂದು ವಲಯ ಕೊಡುವುದು ಹೆಚ್ಚಿನ ಕಚೇರಿಗಳಲ್ಲಿ ನಡೆದುಕೊಂಡು ಹೋಗುವ ರಾಜಿ.

ಇನ್ನು ನಿಯಮಗಳು. ಎಷ್ಟು ದಿನ ಮುಂಚೆ ಬುಕ್ ಮಾಡಬಹುದು? ತಿಂಗಳಿಗೆ ಬಾಗಿಲು ತೆರೆದರೆ ಚುರುಕಾದವರು ಕಿಟಕಿ ಪಕ್ಕದ ಸೀಟುಗಳನ್ನೆಲ್ಲ ಇಡೀ ತಿಂಗಳಿಗೆ ಹಿಡಿದುಬಿಡುತ್ತಾರೆ. ಸರ್ಕಾರಿ ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವ ಕಲೆ ನಮ್ಮವರಿಗೆ ಹೊಸದೇನಲ್ಲ. ಒಂದು ಅಥವಾ ಎರಡು ವಾರದ ಮಿತಿ ಸಾಕು. ಹಿಡಿದ ಸೀಟಿಗೆ ಬಾರದಿದ್ದರೆ? ಮೇಜಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹಾಜರಿ ತೋರಿಸಬೇಕು, ಗೊತ್ತಾದ ಅವಧಿಯೊಳಗೆ ತೋರಿಸದಿದ್ದರೆ ಸೀಟು ತಾನಾಗಿ ಬಿಡುಗಡೆಯಾಗಬೇಕು. ಈ ಅವಧಿಯನ್ನು ತಂತ್ರಾಂಶ ಮಾರುವವರು ಹದಿನೈದು ನಿಮಿಷಕ್ಕೆ ಇಟ್ಟುಕೊಟ್ಟಿದ್ದರೆ ಅದನ್ನು ಬೆಂಗಳೂರಿನಲ್ಲಿ ಹಾಗೇ ಬಿಡಬಾರದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡವನ ಸೀಟು ಅವನು ಮೇಲ್ಸೇತುವೆ ಇಳಿಯುವ ಮೊದಲೇ ಮತ್ತೊಬ್ಬರ ಪಾಲಾಗಿರುತ್ತದೆ.

ಬೆಂಗಳೂರಿನ ಕಚೇರಿಗಳಲ್ಲಿ ಸೀಟಿನ ಜೊತೆಗೆ ಇನ್ನೊಂದು ಎಳೆಯೂ ಸೇರಿಕೊಂಡಿದೆ. ಅದು ಕ್ಯಾಬ್. ರಾತ್ರಿ ಪಾಳಿಯ ಮಹಿಳೆಯರಿಗೆ ಕಂಪನಿಯೇ ವಾಹನ ಒದಗಿಸಬೇಕೆಂಬುದು ಕರ್ನಾಟಕದಲ್ಲಿ ಕಾನೂನಿನ ಷರತ್ತು. ವರ್ಕ್‌ಇನ್‌ಸಿಂಕ್ ಹುಟ್ಟಿದ್ದೂ ನೌಕರರ ಸಾರಿಗೆ ನೋಡಿಕೊಳ್ಳುವ ಮೂವ್‌ಇನ್‌ಸಿಂಕ್ ಕಂಪನಿಯೊಳಗೆ. ಸೀಟು, ಕ್ಯಾಬ್, ಮಧ್ಯಾಹ್ನದ ಊಟ ಮೂರಕ್ಕೂ ಬೇರೆ ಬೇರೆ ಆಪ್ ಇದ್ದರೆ ಏನಾಗುತ್ತದೆ ಊಹಿಸಬಹುದು. ಮಗುವಿಗೆ ಜ್ವರವೆಂದು ಮನೆಯಲ್ಲೇ ಉಳಿದವರು ಕ್ಯಾಬನ್ನಷ್ಟೇ ರದ್ದು ಮಾಡುತ್ತಾರೆ, ಸೀಟು ಮರೆಯುತ್ತಾರೆ. ಒಂದನ್ನು ರದ್ದು ಮಾಡಿದರೆ ಇನ್ನೆರಡೂ ರದ್ದಾಗುವಂತೆ ಜೋಡಿಸುವುದು, ಹೊಸಬರು ಸೇರಿದಾಗ, ಕೆಲಸ ಬಿಟ್ಟಾಗ ಎಚ್‌ಆರ್ ಪಟ್ಟಿಯಿಂದ ಹೆಸರು ತಾನಾಗಿ ಬದಲಾಗುವಂತೆ ಮಾಡುವುದು ಐಟಿ ವಿಭಾಗದವರಿಗೆ ಬೇಸರದ ಕೆಲಸ. ಇದಕ್ಕೇ ಹೆಚ್ಚು ದಿನ ತೆಗೆದಿಡಬೇಕು.

ಎಲ್ಲ ಸೀಟೂ ಎಲ್ಲರಿಗೂ ಎಂಬುದು ಕೇಳಲು ಸಮಾನತೆಯಂತಿದ್ದರೂ ಅನ್ಯಾಯ ಮಾಡಬಲ್ಲದು. ಗಾಲಿಕುರ್ಚಿ ಬಳಸುವವರು, ಎತ್ತರ ಹೊಂದಿಸಿದ ಮೇಜು ಬೇಕಾದವರು, ತೆರೆ ಓದುವ ತಂತ್ರಾಂಶವಿರುವ ಯಂತ್ರಕ್ಕೆ ಕಟ್ಟುಬಿದ್ದವರು ದಿನಾ ಬೆಳಿಗ್ಗೆ ಸ್ಪರ್ಧೆಗಿಳಿಯಬೇಕೆನ್ನುವುದು ತರವಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪ್ರತಿ ಸಂಸ್ಥೆಗೂ ಸಮಾನ ಅವಕಾಶದ ನೀತಿ ಕಡ್ಡಾಯ ಮಾಡಿದೆ. ಇವರ ಸೀಟುಗಳನ್ನು ಮೊದಲೇ ನಕ್ಷೆಯಿಂದ ಹೊರಗಿಡಬೇಕು.

ನೌಕರರ ಅನುಮಾನವನ್ನೂ ಯೋಜನೆಯಲ್ಲಿ ಎಣಿಸಬೇಕು. 2016ರ ಜನವರಿಯ ಒಂದು ಸೋಮವಾರ ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಯ ವರದಿಗಾರರು ಕಚೇರಿಗೆ ಬಂದಾಗ ಮೇಜಿನಡಿ ಪುಟ್ಟ ಕಪ್ಪು ಪೆಟ್ಟಿಗೆಗಳು ಅಂಟಿಕೊಂಡಿದ್ದವು. ಮೇಲೆ ಬರೆದಿದ್ದ ಹೆಸರು ಆಕ್ಯುಪೈ. ವರದಿಗಾರರಲ್ಲವೇ, ಇಂಟರ್ನೆಟ್ಟಿನಲ್ಲಿ ಹುಡುಕಿದರು. ಮೇಜಿನಲ್ಲಿ ಜನ ಇದ್ದಾರೋ ಇಲ್ಲವೋ ಎಂದು ಮೈಬಿಸಿ ಮತ್ತು ಚಲನೆಯಿಂದ ಪತ್ತೆ ಮಾಡುವ ಸಂವೇದಕವದು. ಕಟ್ಟಡದ ವಿದ್ಯುತ್ ಖರ್ಚು ತಗ್ಗಿಸಲು ಎಂದು ಆಡಳಿತ ಹೇಳಿತು. ಪತ್ರಕರ್ತರ ಸಂಘ ಸಿಡಿದೆದ್ದಿತು. ಅದೇ ದಿನ ಪೆಟ್ಟಿಗೆಗಳನ್ನು ತೆಗೆಯುವ ನಿರ್ಧಾರವಾಯಿತು. ಕೆಟ್ಟದ್ದು ಯಂತ್ರಕ್ಕಿಂತ ಹೆಚ್ಚಾಗಿ ಅದನ್ನು ಹೇಳದೆ ಕೇಳದೆ ಅಂಟಿಸಿದ ರೀತಿ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಬುಕಿಂಗ್ ಮಾಹಿತಿ ಯಾರ ಕೈಗೆ ಹೋಗುತ್ತದೆ, ಎಷ್ಟು ದಿನ ಉಳಿಯುತ್ತದೆ, ವಾರ್ಷಿಕ ಮೌಲ್ಯಮಾಪನಕ್ಕೆ ಬಳಕೆಯಾಗುತ್ತದೋ ಇಲ್ಲವೋ ಎಂಬುದನ್ನು ಮೊದಲ ದಿನವೇ ಬರೆದು ಹಂಚುವುದು ಕ್ಷೇಮ.

ಕಟ್ಟಕಡೆಗೆ ಮಹಡಿಯಲ್ಲಿ ಓಡಾಡುವ ಕೆಲಸ. ವಾಸ್ತುಶಿಲ್ಪಿಯ ಹಳೆಯ ನಕ್ಷೆಯಲ್ಲಿ ನಾಲ್ಕನೇ ಮಹಡಿಯ 112ನೇ ಸೀಟು ಕಿಟಕಿ ಪಕ್ಕದಲ್ಲಿರುತ್ತದೆ, ಹೋಗಿ ನೋಡಿದರೆ ಅಲ್ಲಿ ಪ್ರಿಂಟರ್ ಕೂತಿರುತ್ತದೆ. ಎರಡು ಮಾನಿಟರ್ ಎಂದು ಆಪ್ ಹೇಳುವ ಮೇಜಿನಲ್ಲಿ ಒಂದು ಮಾನಿಟರ್, ಅದರ ಕೇಬಲ್ ಯಾರದೋ ಚೀಲ ಸೇರಿದೆ. ಅಡ್ಮಿನ್‌ನವರು ಪಟ್ಟಿ ಹಿಡಿದು ಪ್ರತಿ ಮೇಜಿಗೂ ಹೋಗಿ, ಸಂಖ್ಯೆ ಅಂಟಿಸಿ, ಪ್ಲಗ್ಗು ಚುಚ್ಚಿ ನೋಡುವುದಕ್ಕೆ ಬದಲಿ ದಾರಿ ಇಲ್ಲ. ಪ್ರಯೋಗಕ್ಕೆ ಒಂದು ಮಹಡಿ ಆರಿಸುವಾಗ ಐಟಿ ವಿಭಾಗದ ಮಹಡಿ ಬೇಡ. ಅವರು ಎಡವಿದ ಕಡೆ ತಾವೇ ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ, ದೋಷ ಹೊರಬೀಳುವುದೇ ಇಲ್ಲ. ಅಕೌಂಟ್ಸ್‌ನವರ ಮಹಡಿಯಲ್ಲಿ ಒಂದು ತಿಂಗಳು ನಡೆಸಿದರೆ ನಿಜ ತಿಳಿಯುತ್ತದೆ. ಆ ತಿಂಗಳಲ್ಲಿ ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನಗಳೂ ಬರಬೇಕು, ಆಗ ಅವರೆಲ್ಲ ಒಟ್ಟಿಗೇ ಬರುತ್ತಾರೆ.

ದಿನದಿನದ ಈ ಹುಡುಕಾಟವೇ ಬೇಡ ಎಂದು ಬೇರೆ ದಾರಿ ಹಿಡಿದವರೂ ಇದ್ದಾರೆ. ಗೂಗಲ್‌ನ ಕ್ಲೌಡ್ ವಿಭಾಗ 2023ರಲ್ಲಿ ನ್ಯೂಯಾರ್ಕ್, ಸಿಯಾಟಲ್ ಸೇರಿದಂತೆ ತನ್ನ ಐದು ದೊಡ್ಡ ಅಮೆರಿಕನ್ ನೆಲೆಗಳಲ್ಲಿ ಇಬ್ಬರಿಗೆ ಒಂದು ಮೇಜು ಎಂಬ ಪದ್ಧತಿ ಪ್ರಕಟಿಸಿತು. ಒಬ್ಬರು ಸೋಮವಾರ, ಬುಧವಾರ ಬಂದರೆ ಇನ್ನೊಬ್ಬರು ಮಂಗಳವಾರ, ಗುರುವಾರ. ತಮ್ಮದಲ್ಲದ ದಿನ ಬಂದವರಿಗೆ ಬೇರೆ ಸಾಮಾನ್ಯ ಜಾಗ. ಮೇಜಿನ ಜೋಡಿ ಯಾರೆಂದು ಮೊದಲೇ ಗೊತ್ತಿರುವುದರಿಂದ ಮೇಜು ಹೇಗಿರಬೇಕೆಂದು ಇಬ್ಬರೂ ಮಾತಾಡಿಕೊಳ್ಳಬಹುದು, ಬುಧವಾರದ ನೂಕುನುಗ್ಗಲನ್ನು ಕ್ಯಾಲೆಂಡರೇ ಒಡೆಯುತ್ತದೆ. ಆದರೆ ಈ ಜೋಡಿ ಇಬ್ಬರೂ ಒಂದೇ ಯೋಜನೆಯಲ್ಲಿದ್ದರೆ ಕಚೇರಿಯಲ್ಲಿ ಮುಖಾಮುಖಿಯಾಗುವ ದಿನವೇ ಇರುವುದಿಲ್ಲ.