ಎಪ್ಪತ್ತೈದು ನಿಮಿಷದ ಲೆಕ್ಕ

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ನಮ್ಮ ಮೆಟ್ರೋದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದಾಗ ಅದರಲ್ಲಿ ಓಡುತ್ತಿದ್ದುದು ಮೂರೇ ರೈಲು. ಒಂದು ತಪ್ಪಿದರೆ ಇನ್ನೊಂದಕ್ಕೆ 25 ನಿಮಿಷ. ಇಷ್ಟು ದುಡ್ಡು ಸುರಿದು ಕಟ್ಟಿ, ಬಸ್ಸಿಗಿಂತ ಹೆಚ್ಚು ಹೊತ್ತು ಕಾಯಿಸುವುದೇ ಎಂದು ರಾಗಿಗುಡ್ಡ, ಬಿ.ಟಿ.ಎಂ. ಬಡಾವಣೆಯ ಕಡೆ ಗೊಣಗಿದವರು ಕಡಿಮೆಯೇನಲ್ಲ.

ಇದರ ಹಿಂದೆ ಇರುವುದು ಏಳನೆಯ ತರಗತಿಯ ಗಣಿತ. ಮೂರು ರೈಲು, 25 ನಿಮಿಷ, ಗುಣಿಸಿದರೆ 75. ಅಂದರೆ ಒಂದು ರೈಲು 19 ಕಿಲೋಮೀಟರ್ ಹೋಗಿ, ತಿರುಗಿ ಬಂದು, ಮತ್ತೆ ಹೊರಡಲು ಹಿಡಿಯುವ ಕಾಲ ಅದು. ಸೆಪ್ಟೆಂಬರ್‌ನಲ್ಲಿ ನಾಲ್ಕನೆಯ ರೈಲು ಸೇರಿತು, ಅಂತರ 19 ನಿಮಿಷಕ್ಕಿಳಿಯಿತು. ನವೆಂಬರ್‌ನಲ್ಲಿ ಐದನೆಯದು ಬಂತು, ಅಂತರ 15 ಆಯಿತು. ಗುಣಿಸಿ ನೋಡಿ, ಉತ್ತರ ಹೆಚ್ಚುಕಡಿಮೆ ಅದೇ. ಐದು ನಿಮಿಷಕ್ಕೊಂದು ಬೇಕೆಂದರೆ 15 ರೈಲು ಬೇಕು. ಈ ಮಾರ್ಗಕ್ಕೆಂದು ಗೊತ್ತುಮಾಡಿದ್ದೂ ಹದಿನೈದನ್ನೇ. ದುರಸ್ತಿಗೆ ಎರಡು ನಿಂತರೆ ಅಂತರ ಆರರ ಹತ್ತಿರ ಹೋಗುತ್ತದೆ, ಅದಿರಲಿ. ರೈಲುಗಳಿಗೆ ಚೀನಾದ ಕಂಪನಿಯೊಂದಿಗೆ ಒಪ್ಪಂದವಾದದ್ದು 2019ರಲ್ಲಿ, ಮೊದಲ ರೈಲು ಬೆಂಗಳೂರಿಗೆ ಬಂದದ್ದು 2024ರಲ್ಲಿ. ಕಂಬಕ್ಕಿಂತ ರೈಲೇ ತಡ!

ಇನ್ನೊಂದು ದಾರಿಯೂ ಉಂಟು. ಮೂರು ರೈಲಿಗೆ ಆರಾರರಂತೆ ಒಟ್ಟು 18 ಬೋಗಿ. ಮೂರು ಮೂರರಂತೆ ಜೋಡಿಸಿದ್ದರೆ ಆರು ರೈಲಾಗಿ, ಹನ್ನೆರಡೂವರೆ ನಿಮಿಷಕ್ಕೊಂದು ಸಿಗುತ್ತಿತ್ತು. ಬೋಗಿ ಅಷ್ಟೇ, ಜನರೂ ಅಷ್ಟೇ, ಕಾಯುವುದು ಮಾತ್ರ ಅರ್ಧ. 2017ರಲ್ಲಿ ಜಯನಗರ, ಬನಶಂಕರಿಗೆ ಬಂದ ಹಸಿರು ಮಾರ್ಗದ ರೈಲುಗಳು ಮೂರು ಬೋಗಿಯವೇ. ಆದರೆ ಈಗಿನ ರೈಲನ್ನು ನಡುವೆ ಕತ್ತರಿಸಿ ಎರಡು ಮಾಡಲಾಗದು; ಓಡಿಸುವ ಸಲಕರಣೆಯುಳ್ಳ ‘ತಲೆ’ ಎರಡು ತುದಿಗಳಲ್ಲಷ್ಟೇ ಇರುವುದು. ಪ್ರತಿ ಪುಟ್ಟ ರೈಲಿಗೂ ಎರಡು ತಲೆ ಬೇಕು, ತಲೆಗೆ ಬೆಲೆ ಜಾಸ್ತಿ. ಬೆಳಗಿನ ನೂಕುನುಗ್ಗಲಿಗೆ ಮೂರು ಬೋಗಿ ಸಾಲುವುದೂ ಇಲ್ಲ. ಹಳೆಯ 50 ರೈಲುಗಳ ನಡುವೆ ಮೂರು ಮೂರು ಬೋಗಿ ಸೇರಿಸಲು 150 ಬೋಗಿ ಕೊಂಡದ್ದು ಅದಕ್ಕೇ.

ಆದರೂ ನನಗೆ ಒಂದು ತಕರಾರಿದೆ. ಉದ್ದದ ರೈಲನ್ನು ಅಪರೂಪಕ್ಕೆ ಓಡಿಸುವುದಕ್ಕೆ ಹಿಂದೆ ಇದ್ದ ಕಾರಣಗಳಲ್ಲಿ ಒಂದು ಚಾಲಕರ ಸಂಬಳ. ಹಳದಿ ಮಾರ್ಗದ ರೈಲುಗಳನ್ನು ಚಾಲಕನಿಲ್ಲದೆ ಓಡುವಂತೆಯೇ ಮಾಡಿರುವುದು. ಕೆನಡಾದ ವ್ಯಾಂಕೂವರ್ ನಗರ 1980ರ ದಶಕದಲ್ಲೇ ಇಂಥ ಪುಟ್ಟ ರೈಲುಗಳನ್ನು ಬೇಗಬೇಗ ಓಡಿಸತೊಡಗಿತು. ರಾತ್ರಿ ಒಂಬತ್ತರ ಮೇಲೆ, ಭಾನುವಾರ ಬೆಳಿಗ್ಗೆ ಅದೇ ಸರಿಯಲ್ಲವೆ?

ಕೆಲವು ರೈಲುಗಳನ್ನು ಎಲೆಕ್ಟ್ರಾನಿಕ್ ಸಿಟಿಯಲ್ಲೇ ತಿರುಗಿಸಿದರೆ ಈ ಕಡೆಯವರಿಗೆ ಅನುಕೂಲ, ನಿಜ. ಆದರೆ ಬೊಮ್ಮಸಂದ್ರದ ಕಾರ್ಖಾನೆಗೆ ಪಾಳಿಗೆ ಹೋಗುವವನು ಯಾವ ಪಾಪ ಮಾಡಿದ್ದಾನೆ?

ಮುಂದಿನದು ಜೆ.ಪಿ. ನಗರ 4ನೇ ಹಂತದಿಂದ ಕೆಂಪಾಪುರದ ಮಾರ್ಗ. ಕೇಂದ್ರದ ಒಪ್ಪಿಗೆ 2024ರಲ್ಲಿ ಸಿಕ್ಕಿತು. ಉದ್ದ ಸುಮಾರು 32 ಕಿಲೋಮೀಟರ್. ಕಂಬ ಎಂದು ಏಳುತ್ತದೆಂದು ಎಲ್ಲರೂ ಕೇಳುತ್ತೇವೆ, ರೈಲಿಗೆ ಎಂದು ಹೇಳಿಡುತ್ತಾರೆಂದು ಕೇಳುವವರಿಲ್ಲ. ಹಳದಿ ಮಾರ್ಗದ ವೇಗದಲ್ಲೇ ಓಡಿದರೆ ಒಂದು ಸುತ್ತಿಗೆ ಸುಮಾರು 125 ನಿಮಿಷ. ಐದು ನಿಮಿಷಕ್ಕೊಂದು ಬರಬೇಕಾದರೆ 25 ರೈಲು, ದುರಸ್ತಿಗೆ ನಿಲ್ಲುವುವನ್ನು ಬಿಟ್ಟು.