ನೀರಿಗಿಳಿಯುವ ಮುಂಚಿನ ಹದ

ಮುಂಗಾರು ಹತ್ತಿರವಾದಂತೆ ಹೂವಿನಹಡಗಲಿ ತಾಲ್ಲೂಕಿನ ಹೊಳಲು ಸೀಮೆಯ ಕುಲುಮೆಗಳಿಗೆ ಕೈತುಂಬ ಕೆಲಸ. ಕುಡ ಹಣಿಸುವವರು, ಕೊಡಲಿಗೆ ಬಾಯಿ ಮಾಡಿಸುವವರು ಸರದಿ ಕಾಯುತ್ತಾರೆ. ಕಾದ ಕೊಡಲಿ ನೀರಿಗಿಳಿದು ‘ಚೊಂಯ್’ ಎಂದ ಕ್ಷಣವೇ ಗಟ್ಟಿತನ ಹುಟ್ಟಿತೆಂದು ನಿಂತು ನೋಡುವವರಿಗೆ ಅನ್ನಿಸುತ್ತದೆ. ಆದರೆ ನೀರಿನ ಸರದಿ ಬರುವುದು ತಡವಾಗಿ. ಅಲ್ಲಿಯವರೆಗೆ ಉಕ್ಕು ಪಟ್ಟ ಪಾಡು ಅಲಗಿನ ಆಯುಷ್ಯವನ್ನು ಆಗಲೇ ಬಹುಪಾಲು ತೀರ್ಮಾನಿಸಿರುತ್ತದೆ.

ಹಳ್ಳಿಯ ಕಮ್ಮಾರರು ಇವತ್ತು ಮೆಚ್ಚುವ ಮಾಲು ಗುಜರಿಯ ಲಾರಿ ಕಮಾನ್ ಪಟ್ಟಿ. ಅದರಲ್ಲಿ ಇಂಗಾಲ ಶೇ 0.5–0.6ರ ಆಸುಪಾಸು; ಕಾರ್ಖಾನೆಯಲ್ಲೇ ಒಮ್ಮೆ ಹದಗೊಂಡು ಬಂದದ್ದು. ಕೆಂಪಗೆ ಕಾಸಿ ಬೂದಿಯಲ್ಲಿ ಹೂತು ನಿಧಾನವಾಗಿ ತಣಿಸಿದರೆ ಆ ಹಳೆಯ ಹದ ಅಳಿಸಿಹೋಗಿ, ಅರ ಹಿಡಿಯುವಷ್ಟು ಮೆತ್ತಗಾಗುತ್ತದೆ. ವರ್ಷಗಟ್ಟಲೆ ಭಾರ ಹೊತ್ತು ಬಿದ್ದ ಕೂದಲೆಳೆಯ ಬಿರುಕು ಮಾತ್ರ ಅಳಿಯುವುದಿಲ್ಲ. ಬೆಂಕಿಯಲ್ಲಿ ಸುಮ್ಮನಿದ್ದದ್ದು ನೀರಿಗಿಳಿದೊಡನೆ ಬಾಯಿಬಿಡುತ್ತದೆ. ಬಲ್ಲವರು ಅದಕ್ಕೇ ಪಟ್ಟಿಯನ್ನು ಮೊದಲು ತಟ್ಟಿ, ಸದ್ದು ಒಡಕೆನಿಸಿದರೆ ಬದಿಗಿಡುತ್ತಾರೆ.

ಬಡಿಯುವ ಆತುರಕ್ಕೆ ಬೆಳ್ಳಗಾಗುವಷ್ಟು ಕಾಸಿದರೆ ಒಳಗಿನ ಕಣಗಳು ದಪ್ಪವಾಗುತ್ತವೆ. ಅಂಥ ಅಲಗು ನೀರು ಕುಡಿದು ಗಟ್ಟಿಯೇನೋ ಆಗುತ್ತದೆ, ಆದರೆ ಮರದ ಗಂಟಿಗೆ ತಾಗಿದರೆ ಸಿಡಿಯುತ್ತದೆ. ಮುರಿದ ಬಾಯಿ ಕಲ್ಲುಸಕ್ಕರೆಯ ಹಾಗೆ ಹರಳುಹರಳಾಗಿ ಹೊಳೆಯುತ್ತದೆ. ನೀರಿಗೆ ಹಾಕುವ ಮುನ್ನ ಎರಡು ಮೂರು ಸಲ ಹದವಾಗಿ ಕೆಂಪಗೆ ಕಾಸಿ ಗಾಳಿಯಲ್ಲಿ ತಣಿಯಬಿಟ್ಟರೆ ಕಣಗಳು ಮತ್ತೆ ನುಣ್ಣಗಾಗುತ್ತವೆ. ಕಿಡಿ ಚಿಮ್ಮುವ ಮಟ್ಟಕ್ಕೆ ಹೋಗಿ ಸುಟ್ಟದ್ದಕ್ಕೆ ಮಾತ್ರ ಮದ್ದಿಲ್ಲ.

ಈ ಸೂಕ್ಷ್ಮ ನಮ್ಮ ನೆಲಕ್ಕೆ ಹೊಸದಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸಿದ ಕುರುಹುಗಳು ಸಿಕ್ಕಿವೆ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್, ಮೂಸೆಗೆ ಕಬ್ಬಿಣದ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ತುಂಬುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹೀಗೆ ಹುಟ್ಟಿದ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ 1.5. ಯುರೋಪಿನ ಕಮ್ಮಾರರು ತಮ್ಮ ರೂಢಿಯಂತೆ ಬೆಳ್ಳಗೆ ಕಾಸಿ ಬಡಿದಾಗ ಅದು ಪುಡಿಯಾಯಿತು. ಬರಿಯ ಕೆಂಪಿನಲ್ಲೇ ತಾಳ್ಮೆಯಿಂದ ಬಡಿದವರ ಕೈಯಲ್ಲಿ ಅದೇ ಉಕ್ಕು ಅಲೆಅಲೆಯ ಚಿತ್ತಾರದ ಕತ್ತಿಯಾಯಿತು.

ಇನ್ನೊಂದು ಸಂಗತಿ ಕೊಡಲಿ ಕೊಳ್ಳುವವರಿಗೂ ಗೊತ್ತಿರಲಿ. ಮತ್ತೆಮತ್ತೆ ಕಾಸುವಾಗ ಹೊರಮೈಯ ಇಂಗಾಲ ಉರಿದುಹೋಗುತ್ತದೆ; ಆ ತೆಳು ಪದರ ಎಷ್ಟು ನೀರು ಕುಡಿಸಿದರೂ ಗಟ್ಟಿಯಾಗದು. ಮೊದಲ ವಾರ ಮೊಂಡೆನಿಸಿದ ಹೊಸ ಕೊಡಲಿ, ಎರಡು ಮೂರು ಸಲ ಸಾಣೆ ಕಂಡ ಮೇಲೆ ಚೆನ್ನಾಗಿ ಕಡಿಯತೊಡಗುವುದುಂಟು. ಕಮ್ಮಾರರ ಮೇಲೆ ಸಿಟ್ಟಾಗುವ ಮೊದಲು ಒಮ್ಮೆ ಸಾಣೆ ಹಿಡಿಸಿ ನೋಡಿ.